ಕಚೇರಿ ಕಂಪ್ಯೂಟರಿನ ರಕ್ಷಣೆ ತಪ್ಪಿಸಿಕೊಡುವುದು ಉಪಕಾರವಲ್ಲ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತಮುತ್ತ ಈಗ ಕಂಪ್ಯೂಟರ್ ಇಲ್ಲದ ಸಹಕಾರಿ ಸಂಘ ಸಿಗುವುದು ಕಷ್ಟ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2022ರ ಜೂನ್‌ನಲ್ಲಿ. ಇತ್ತ ಕೊರೊನಾ ಕಾಲದಲ್ಲಿ ಊರಿಗೆ ಬಂದು ಬೆಂಗಳೂರಿನ ಕಂಪನಿಗಳ ಕೆಲಸವನ್ನು ಮನೆಯಿಂದಲೇ ಮುಂದುವರಿಸಿದ ಯುವಕ ಯುವತಿಯರೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಹೀಗೆ ಬೇರೆಯವರ ದಾಖಲೆಗಳು ತುಂಬಿರುವ ಕಂಪ್ಯೂಟರುಗಳು ನಮ್ಮ ನಡುವೆ ಹೆಚ್ಚಾಗುತ್ತಿರುವಾಗ, ಅವುಗಳಿಗೆ ಸಂಸ್ಥೆಗಳು ಹಾಕಿದ ಭದ್ರತಾ ನಿರ್ಬಂಧಗಳನ್ನು ತಪ್ಪಿಸಿಕೊಡುವ ಕೆಲಸವೂ ಸದ್ದಿಲ್ಲದೆ ಬೆಳೆಯುತ್ತಿದೆ. ಶಿರಸಿಯಲ್ಲಿ ಕಂಪ್ಯೂಟರ್ ದುರಸ್ತಿ ಮತ್ತು ತರಬೇತಿಯನ್ನೇ ಕಸುಬಾಗಿ ಮಾಡಿಕೊಂಡಿರುವ ನಾನು ಈ ಬಗ್ಗೆ ನನ್ನ ಕಸುಬಿನವರಿಗೂ ಸಂಘಗಳ ಆಡಳಿತ ಮಂಡಳಿಗಳಿಗೂ ಕೆಲವು ಮಾತು ಹೇಳಬಯಸುತ್ತೇನೆ.

‘ಅಣ್ಣಾ, ಅಡ್ಮಿನ್ ಪಾಸ್‌ವರ್ಡ್ ಒಂದು ತೆಗೆದುಕೊಡಿ, ಮತ್ತೇನೂ ಬೇಡ’ ಎಂದು ಬರುವವರು ಕಳ್ಳರಲ್ಲ. (ಕಂಪ್ಯೂಟರಿನ ವ್ಯವಸ್ಥೆಯನ್ನು ಬದಲಿಸುವ ಪೂರ್ಣ ಅಧಿಕಾರ ಕೊಡುವ ಗುಪ್ತಪದವೇ ಅಡ್ಮಿನ್ ಪಾಸ್‌ವರ್ಡ್.) ಹೊಸ ಪ್ರಿಂಟರಿನ ಡ್ರೈವರ್ ಹಾಕಲು ಅನುಮತಿಯಿಲ್ಲದೆ ಜಮಾ ರಶೀದಿ ಮುದ್ರಿಸಲಾಗದ ಗುಮಾಸ್ತರು, ಪೆನ್‌ಡ್ರೈವ್ ನಿರ್ಬಂಧಿಸಿದ್ದರಿಂದ ಲೆಕ್ಕ ಪರಿಶೋಧಕರಿಗೆ ಪಟ್ಟಿ ಕೊಡಲಾಗದ ಕಾರ್ಯದರ್ಶಿಗಳು, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ಎರಡು ದಿನ ಸಂಪರ್ಕವೇ ಇಲ್ಲದೆ ಎದುರು ಕೂತ ಸದಸ್ಯರಿಗೆ ಉತ್ತರ ಕೊಡಲಾಗದವರು. ಅವರ ತೊಂದರೆ ನಿಜ. ಆದರೆ ಅವರು ಕೇಳುವ ಪರಿಹಾರದಿಂದ ಬರುವ ಅಪಾಯವನ್ನು ಹೊರುವವರು ಅವರೂ ಅಲ್ಲ, ಮಾಡಿಕೊಡುವ ನಾವೂ ಅಲ್ಲ. ಅಡಿಕೆ ಮಾರಿದ ಹಣವನ್ನು ಆ ಸಂಘದಲ್ಲಿ ಠೇವಣಿ ಇಟ್ಟವರು, ಬೆಳೆಸಾಲಕ್ಕಾಗಿ ಪಹಣಿ, ಆಧಾರ್ ಪ್ರತಿಗಳನ್ನು ಅಲ್ಲಿ ಕೊಟ್ಟವರು ಅದನ್ನು ಹೊರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ. ಎದುರಿಗಿರುವ ಸಿಬ್ಬಂದಿ ಒಪ್ಪಿದರೆ ಸಾಕು ಎಂಬ ನಮ್ಮ ವಾದ ಇಲ್ಲಿಯೇ ಬಿದ್ದುಹೋಗುತ್ತದೆ.

ಈ ಅಪಾಯ ಕಾಲ್ಪನಿಕವಲ್ಲ. ಸಂಘದ ಕಂಪ್ಯೂಟರ್ ಒಂದು ಕಡೆ ಬ್ಯಾಂಕಿನ ಜಾಲಕ್ಕೂ ಇನ್ನೊಂದು ಕಡೆ ಯಾರದೋ ಮೊಬೈಲ್ ಹಾಟ್‌ಸ್ಪಾಟ್‌ಗೂ ಏಕಕಾಲಕ್ಕೆ ಸೇರಿಕೊಂಡರೆ, ಹೊರಗಿನ ಅನಧಿಕೃತ ಸಂಪರ್ಕ ತಡೆಯಲೆಂದು ಸಾವಿರಾರು ರೂಪಾಯಿ ಕೊಟ್ಟು ನಡುವೆ ಇಟ್ಟ ಫೈರ್‌ವಾಲ್ ಇದ್ದೂ ಇಲ್ಲದಂತಾಗುತ್ತದೆ. ದೂರದಿಂದ ಸರಿಪಡಿಸಲು ಅನುಕೂಲವೆಂದು ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿ, ಅದಕ್ಕೆ ಕಾಯಂ ಪಾಸ್‌ವರ್ಡ್ ಇಟ್ಟು ಎದ್ದುಬರುವ ರೂಢಿಯಂತೂ ಇನ್ನೂ ಕೆಟ್ಟದ್ದು. ಆ ಪಾಸ್‌ವರ್ಡ್ ಗೊತ್ತಿರುವ ಯಾರಾದರೂ ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತೂ ಒಳಗೆ ಬರಬಹುದು, ಈ ಕಡೆ ಕೂತವರು ‘ಸರಿ’ ಎಂದು ಒತ್ತುವ ಅಗತ್ಯವೇ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನಿಂದ ಸೈಬರ್ ದಾಳಿಕೋರರು ಸುಮಾರು 94 ಕೋಟಿ ರೂಪಾಯಿ ದೋಚಿದ್ದರು. ಸಹಕಾರಿ ಸಂಸ್ಥೆಗಳತ್ತ ಕಳ್ಳರು ನೋಡುವುದಿಲ್ಲ ಎನ್ನುವವರು ಅದನ್ನು ನೆನಪಿಡಬೇಕು.

ನಿರ್ಬಂಧ ಯಾಕೆ ಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯವರಿಗೆ ಹತ್ತಿರದ ನಿದರ್ಶನ ಇನ್ನೊಂದಿದೆ. ಕೈಗಾ ಸ್ಥಾವರವನ್ನು ನಡೆಸುವ ಭಾರತೀಯ ಅಣುಶಕ್ತಿ ನಿಗಮವೇ ತಮಿಳುನಾಡಿನ ಕೂಡಂಕುಳಂ ಸ್ಥಾವರವನ್ನೂ ನಡೆಸುತ್ತದೆ. ಅಲ್ಲಿ ಆಡಳಿತ ಕೆಲಸಕ್ಕೆ ಬಳಸುವ, ಇಂಟರ್‌ನೆಟ್ ಸಂಪರ್ಕವಿದ್ದ ಜಾಲದ ಕಂಪ್ಯೂಟರೊಂದರಲ್ಲಿ ಮಾಲ್‌ವೇರ್ (ಹಾನಿಕಾರಕ ತಂತ್ರಾಂಶ) ಸಿಕ್ಕಿದ್ದನ್ನು ನಿಗಮ 2019ರ ಅಕ್ಟೋಬರ್‌ನಲ್ಲಿ ಒಪ್ಪಿಕೊಂಡಿತು. ಮುಖ್ಯವಾದ ಒಳಜಾಲ ಇದರಿಂದ ಪ್ರತ್ಯೇಕವಾಗಿದೆ ಎಂದೂ ತಿಳಿಸಿತು. ಆ ಎರಡು ಜಾಲಗಳನ್ನು ಬೇರೆಯಾಗಿಡುವ ನಿಯಮ ಅಲ್ಲಿನ ನೌಕರರಿಗೆ ದಿನನಿತ್ಯ ಎಷ್ಟು ಕಿರಿಕಿರಿ ಕೊಡುತ್ತಿರಬಹುದೆಂದು ನಾನು ಊಹಿಸಬಲ್ಲೆ. ಕಿರಿಕಿರಿ ತಪ್ಪಿಸಲು ಯಾರೋ ಜಾಣ ಪರಿಚಯಸ್ಥ ನಡುವೆ ಒಂದು ದಾರಿ ಮಾಡಿಕೊಟ್ಟಿದ್ದರೆ?

ಕಾನೂನು ನೆರವಾದವರನ್ನು ಮರೆತಿಲ್ಲ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43, ಕಂಪ್ಯೂಟರಿನ ಮಾಲೀಕರ ಅಥವಾ ಅದರ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಒಳಹೊಕ್ಕವರನ್ನಷ್ಟೇ ಹೇಳುವುದಿಲ್ಲ. ಕಾಯ್ದೆಗೆ ವಿರುದ್ಧವಾಗಿ ಒಳಹೋಗಲು ಬೇರೆಯವರಿಗೆ ಸಹಾಯ ಮಾಡಿದವರನ್ನೂ ಪ್ರತ್ಯೇಕವಾಗಿ ಹೆಸರಿಸಿ, ನಷ್ಟಕ್ಕೆ ಪರಿಹಾರ ಕಟ್ಟಿಕೊಡುವ ಹೊಣೆ ಹೊರಿಸುತ್ತದೆ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೂ ಜೈಲಿನ ಹೆದರಿಕೆಯಿಂದ ಈ ಕೆಲಸ ಬಿಡಿ ಎನ್ನುವುದು ನನ್ನ ಮಾತಲ್ಲ. ಸಿಕ್ಕಿಬೀಳದಿದ್ದರೂ ಮಾಡಬಾರದ ಕೆಲಸವಿದು.

ಹಾಗೆಂದು ನಿಯಮ ಮಾಡಿದವರೆಲ್ಲ ಸರಿ ಎಂದೂ ನಾನು ಹೇಳಲಾರೆ. ಬೆಂಗಳೂರಿನಲ್ಲಿ ಕೂತು ಬರೆದ ಎಷ್ಟೋ ನಿಯಮಗಳಿಗೆ ಘಟ್ಟದ ಮಳೆಗಾಲ ಗೊತ್ತಿಲ್ಲ. ಕೀಲಿಮಣೆ ಎಷ್ಟು ಬಾರಿ ಒತ್ತಿದರು ಎಂದು ಎಣಿಸಿ ನೌಕರರ ನಿಯತ್ತು ಅಳೆಯುವ ಕಂಪನಿಗಳ ಕ್ರಮವನ್ನು ನಾನು ಒಪ್ಪುವುದಿಲ್ಲ. ಆದರೆ ಅದನ್ನು ವಂಚಿಸಲು ಮೌಸ್ ತಾನಾಗಿ ಅಲುಗಾಡುವ ಸಾಧನ ಸಿಕ್ಕಿಸಿದರೆ, ಎದ್ದುಹೋದಾಗಲೂ ಪರದೆಗೆ ಬೀಗವೇ ಬೀಳುವುದಿಲ್ಲ, ಒಳಗಿನ ದಾಖಲೆ ಯಾರ ಕಣ್ಣಿಗಾದರೂ ಬೀಳಬಹುದು ಎಂಬುದನ್ನೂ ಹೇಳಲೇಬೇಕು.

ನಮ್ಮ ಅಂಗಡಿಗೆ ಸಂಸ್ಥೆಯ ಲ್ಯಾಪ್‌ಟಾಪ್ ಬಂದರೆ ಮೊದಲು ಮಗುಚಿ ನೋಡುತ್ತೇವೆ. ಬಹಳಷ್ಟರ ತಳಭಾಗದಲ್ಲಿ ಆಸ್ತಿ ಸಂಖ್ಯೆಯ ಚೀಟಿಯೂ, ಅದರಲ್ಲೇ ಸಹಾಯ ಕೇಂದ್ರದ ದೂರವಾಣಿಯೂ ಇರುತ್ತದೆ. ತಂದವರ ಮೊಬೈಲಿನಿಂದಲೇ ಕರೆ ಮಾಡಿಸುತ್ತೇವೆ, ತಾಂತ್ರಿಕ ಮಾತು ಅವರಿಗೆ ತೊಡಕಾದರೆ ನಾವು ಪಕ್ಕದಲ್ಲಿ ನಿಂತು ವಿವರಿಸುತ್ತೇವೆ, ಯಾವ ನಿರ್ಬಂಧದಿಂದ ಯಾವ ಕೆಲಸ ನಿಂತಿದೆ ಎಂದು ಒಂದು ಮಿಂಚಂಚೆ ಬರೆದುಕೊಡುತ್ತೇವೆ. ಪ್ರಿಂಟರ್ ಡ್ರೈವರಿನಂಥ ತೊಂದರೆ ಅರ್ಧ ಗಂಟೆಯಲ್ಲಿ ಆ ಕಡೆಯಿಂದಲೇ ಬಗೆಹರಿದದ್ದುಂಟು. ಈ ಬರವಣಿಗೆಗೂ ಶುಲ್ಕ ಪಡೆಯಬಹುದು, ಅದರಲ್ಲಿ ತಪ್ಪಿಲ್ಲ.

ಸಂಘಗಳ ಪಾಲಿನ ಕೆಲಸ ಇದಕ್ಕಿಂತ ದೊಡ್ಡದು. ನಿಯಮದಿಂದ ಕೆಲಸ ನಿಂತಾಗ ಯಾರಿಗೆ ಕರೆ ಮಾಡಬೇಕು ಎಂಬುದೇ ಸಿಬ್ಬಂದಿಗೆ ತಿಳಿಯದಿದ್ದರೆ ಅವರು ಅಂಗಡಿ ಹುಡುಕಿಕೊಂಡು ಬರುತ್ತಲೇ ಇರುತ್ತಾರೆ. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗುವ ಸದಸ್ಯರು ಡಿವಿಡೆಂಡಿನ ಚರ್ಚೆಯ ಜೊತೆಗೆ ಇದನ್ನೂ ಕೇಳಲಿ: ಸಂಘದ ಕಂಪ್ಯೂಟರುಗಳ ಅಡ್ಮಿನ್ ಪಾಸ್‌ವರ್ಡ್ ಯಾರ ಕೈಯಲ್ಲಿದೆ, ಸಿಬ್ಬಂದಿಗೆ ತೊಡಕಾದಾಗ ಅದೇ ದಿನ ಉತ್ತರಿಸುವವರು ಯಾರು? ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಲಿ.

ಇತಿ,
ಕಂಪ್ಯೂಟರ್ ದುರಸ್ತಿಗಾರ ಮತ್ತು ತರಬೇತುದಾರ, ಶಿರಸಿ