ಸೂತ್ರಕ್ಕೆ ಅಂಕಿ ಹಾಕುವ ಮುಂಚೆ

ಮಂಡ್ಯ

ಚಿ. ಕಾವ್ಯಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಎಂ.ಎ. ಪ್ರಬಂಧಕ್ಕೆ ರಿಸರ್ವ್ ಬ್ಯಾಂಕಿನ ಬಡ್ಡಿದರವನ್ನೇ ಆರಿಸಿಕೊಂಡೆಯಂತೆ, ಅಕ್ಕ ಹೇಳಿದಳು. ಹಣದುಬ್ಬರ ಗುರಿಯಿಂದ ಎಷ್ಟು ದೂರ, ಉತ್ಪಾದನೆ ಹೇಗಿದೆ ಎಂಬುದರಿಂದ ಬಡ್ಡಿದರ ಎಷ್ಟಿರಬೇಕೆಂದು ಲೆಕ್ಕ ಹಾಕುವ ಟೇಲರ್ ಸೂತ್ರ ಬರೆಯುವುದು ಸುಲಭ ಕಣಮ್ಮ. ಅದರೊಳಗೆ ಯಾವ ಅಂಕಿ ಹಾಕಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು.

2022ರ ಮೇ 4ನ್ನೇ ತಗೋ. ಅಂದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ವೇಳಾಪಟ್ಟಿಯಲ್ಲಿಲ್ಲದ ಸಭೆ ಸೇರಿ, ಬ್ಯಾಂಕುಗಳಿಗೆ ತಾನು ಸಾಲ ಕೊಡುವ ಬಡ್ಡಿಯಾದ ರೆಪೊ ದರವನ್ನು ಶೇ. 4ರಿಂದ 4.40ಕ್ಕೆ ಏರಿಸಿತು. ಏಪ್ರಿಲ್ ಹಣದುಬ್ಬರ ಶೇ. 7.79 ನಿಜ, ಆದರೆ ಆ ಅಂಕಿ ಹೊರಬಿದ್ದದ್ದು ಮೇ 12ಕ್ಕೆ. ಸಮಿತಿಯ ಮುಂದೆ ಇದ್ದ ಪ್ರಕಟಿತ ಅಂಕಿ ಮಾರ್ಚ್‌ನ 6.95. ಸಹಜ ನೈಜ ಬಡ್ಡಿ (ಆರ್ಥಿಕತೆ ಸಮತೋಲದಲ್ಲಿದ್ದಾಗ ಹಣದುಬ್ಬರ ಕಳೆದು ಉಳಿಯುವ ಬಡ್ಡಿ) 1, ಹಣದುಬ್ಬರದ ಗುರಿ 4, ಉತ್ಪಾದನೆಯ ಅಂತರ (ನಿಜವಾದ ಉತ್ಪಾದನೆಗೂ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸ) ಸೊನ್ನೆ ಎಂದಿಟ್ಟುಕೋ: 1 + 6.95 + ಗುರಿ ಮೀರಿದ 2.95ರ ಅರ್ಧ, ಸುಮಾರು 9.4. ಅದೇ ಏಪ್ರಿಲ್‌ನಲ್ಲಿ ಬ್ಯಾಂಕು 2022-23ಕ್ಕೆ ಅಂದಾಜಿಸಿದ್ದ 5.7 ಹಾಕಿದರೆ 7.55. ಸೂತ್ರ ಒಂದೇ, ದಿನವೂ ಒಂದೇ. ಉತ್ತರದಲ್ಲಿ ಹತ್ತಿರ ಹತ್ತಿರ ಎರಡು ಅಂಶ ವ್ಯತ್ಯಾಸ! ಹಾಗಾಗಿ ಪ್ರತಿ ಅಂಕಿಯ ಪಕ್ಕ ಅದು ಪ್ರಕಟವಾದ ದಿನಾಂಕದ್ದೊಂದು ಕಾಲಂ ಇಡು. ಸಹಜ ಬಡ್ಡಿ ಯಾರ ಕಣ್ಣಿಗೂ ಕಾಣುವುದಲ್ಲ, 0.5, 1, 1.5 ಮೂರನ್ನೂ ಹಾಕಿ ನೋಡು. ಹಿಂದಿನ ತ್ರೈಮಾಸಿಕದ ದರವನ್ನೂ ಸಮೀಕರಣಕ್ಕೆ ಸೇರಿಸು. ರೆಪೊ 6.50 ಮುಟ್ಟಲು 2023ರ ಫೆಬ್ರುವರಿ ಬಂತು, ಒಂದೇ ಏಟಿಗೆ ಹೋಗಲಿಲ್ಲ.

2012ರ ಮೂಲವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳದ್ದೇ 45.86 ಪಾಲು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದರೂ ಆಗಸ್ಟ್‌ನಲ್ಲಿ ಸಮಿತಿ ದರ ಮುಟ್ಟಲಿಲ್ಲ; ಆ ಜುಲೈನ ಹಣದುಬ್ಬರ 7.44 ಎಂಬ ಅಂಕಿ ಹೊರಬಿದ್ದದ್ದು ಸಭೆ ಮುಗಿದ ಮೇಲೆ. ಬಡ್ಡಿ ಏರಿಸಿದರೆ ಬಂಡೀಪಾಳ್ಯದ ಮಂಡಿಗೆ ಒಂದು ಕ್ರೇಟ್ ಹೆಚ್ಚಿಗೆ ಬರುತ್ತದೆಯೇ? ಅಕ್ಟೋಬರ್‌ಗೆ ಹಣದುಬ್ಬರ 4.87ಕ್ಕೆ ಇಳಿಯಿತು. ಆಹಾರ, ಇಂಧನ ಬಿಟ್ಟ ಹಣದುಬ್ಬರವನ್ನೂ ಬೇರೆಯಾಗಿ ಹಾಕಿ ಹೋಲಿಸು. ಆದರೆ ಅದೊಂದನ್ನೇ ನೆಚ್ಚಬೇಡ, ಊಟದ ಬೆಲೆ ಹೆಚ್ಚು ದಿನ ಏರಿಯೇ ಇದ್ದರೆ ಕೂಲಿಗೂ ತಗಲುತ್ತದೆ.

ಇನ್ನು ರೂಪಾಯಿ. 2013ರ ಜುಲೈನಲ್ಲಿ ಡಾಲರ್ ಹೊರಹೋಗುತ್ತಿದ್ದಾಗ ರೆಪೊ 7.25ರಲ್ಲೇ ಇತ್ತು, ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಎಂಎಸ್‌ಎಫ್ ದರವನ್ನು ಮಾತ್ರ 10.25ಕ್ಕೆ ಒಯ್ದು, ಹಣದ ಹರಿವು ಬಿಗಿ ಮಾಡಿದರು. ರೆಪೊ ಒಂದನ್ನೇ ನೋಡಿದವರಿಗೆ ಆ ತಿಂಗಳು ಏನೂ ನಡೆದೇ ಇಲ್ಲ! ಅದಕ್ಕೇ ಬ್ಯಾಂಕುಗಳು ತಮ್ಮತಮ್ಮಲ್ಲೇ ಒಂದು ದಿನದ ಮಟ್ಟಿಗೆ ಸಾಲ ಕೊಟ್ಟುಕೊಳ್ಳುವ ಕಾಲ್ ಮನಿ ಮಾರುಕಟ್ಟೆಯ ಸರಾಸರಿ ದರ ತಗೋ. ರಿಸರ್ವ್ ಬ್ಯಾಂಕು ಡಾಲರ್ ಮಾರಿದಾಗ ಅಷ್ಟೇ ರೂಪಾಯಿ ಪೇಟೆಯಿಂದ ಒಳಗೆ ಹೋಗುತ್ತದೆ. ಸಾಲಪತ್ರ ಕೊಂಡು ಮತ್ತೆ ಹೊರಬಿಡದಿದ್ದರೆ ಈ ದರ ತಾನಾಗಿ ಏರುತ್ತದೆ. ವಿನಿಮಯ ದರದ ಬದಲಾವಣೆಯನ್ನು ಸಮೀಕರಣದಲ್ಲಿ ಇಡು, ಆದರೆ ಅದಕ್ಕೆ ತೂಕ ಸಿಕ್ಕಿದ ಮಾತ್ರಕ್ಕೆ ರೂಪಾಯಿಯೇ ಗುರಿ ಎಂದು ಬರೆಯಬೇಡ. ರೂಪಾಯಿ ಕುಸಿದರೆ ಕಚ್ಚಾತೈಲದ ಮೂಲಕ ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕಾಚಾರವೂ ಅದೇ ತೂಕ ತೋರಿಸಬಹುದು.

ಶೇ. 4ರ ಗುರಿ, ಆಚೀಚೆ ಎರಡರ ಮಿತಿ ಕಾನೂನಾದದ್ದು 2016ರಲ್ಲಿ. ಅದಕ್ಕೂ ಮುಂಚೆ ಬಹುಕಾಲ ಸಗಟು ಬೆಲೆಯನ್ನೇ ಮುಖ್ಯವಾಗಿ ನೋಡುತ್ತಿದ್ದರು. ಎರಡು ಕಾಲಕ್ಕೂ ಸೇರಿಸಿ ಒಂದೇ ಸಮೀಕರಣ ಹಾಕಬೇಡ. ಕೋಷ್ಟಕ ಸಿದ್ಧವಾದ ಕೂಡಲೇ ಕಳಿಸು.

ಇಂತಿ,
ನಿನ್ನ ಮಾವ