ತೋಟದ ಗಾಡಿ ನೋಡಲು ಭಾನುವಾರ ಹೋಗೋಣ

ಎಲ್ಲರಿಗೂ ನಮಸ್ಕಾರ. ಐದು ಮನೆಯವರು ಸೇರಿ ತಗೊಳ್ಳುವ ಗಾಡಿಯ ವಿಷಯ. ಭಾನುವಾರ ಬೆಳಿಗ್ಗೆ 10ಕ್ಕೆ ತೀರ್ಥಹಳ್ಳಿಯಲ್ಲಿ ಎರಡು ನೋಡಲಿಕ್ಕಿದೆ: ಟಾಟಾ ಏಸ್, ಮತ್ತೊಂದು ನಾಲ್ಕೂ ಚಕ್ರ ಎಳೆಯುವ ಹಳೇ ಫೋರ್ ವೀಲ್ ಡ್ರೈವ್ ಜೀಪು.

ಏಸ್‌ನಲ್ಲಿ ಗೊನೆ, ಗೊಬ್ಬರ ಜಾಸ್ತಿ ಹಿಡಿಯುತ್ತದೆ. ಆದರೆ ಎಳೆಯುವುದು ಹಿಂದಿನ ಚಕ್ರ ಮಾತ್ರ. ಹೋದ ಮಳೆಗಾಲ ಬಾಡಿಗೆ ಗಾಡಿ ಏರಿನಲ್ಲಿ ಹೂತು, ಮೂಟೆ ಇಳಿಸಿ, ಚಕ್ರದಡಿ ಅಡಿಕೆ ಸೋಗೆ ಹಾಕಿ ತಳ್ಳಿದ್ದು ನೆನಪಿದೆ ಅಲ್ವಾ? ನನ್ನ ಮತ ಜೀಪಿಗೆ.

ನಿಮ್ಮ ತೋಟದ ದಾರಿಯ ಅಗಲ ಅಳೆದುಕೊಂಡು ಬನ್ನಿ. ಷಾಸಿ (ಗಾಡಿಯ ಅಡಿ ಚೌಕಟ್ಟು) ತುಕ್ಕು ನೋಡಲು ಒಬ್ಬರು ಟಾರ್ಚ್ ತನ್ನಿ. ಆರ್‌ಸಿ, ಇನ್ಶೂರೆನ್ಸ್ ನಾನು ನೋಡುತ್ತೇನೆ.

ಗಾಡಿ ಶಿಕಾರಿಗೂ ಆಯ್ತು ಅಂದವರೇ, ಅದನ್ನು ತಡೆಯುವ 1972ರ ವನ್ಯಜೀವಿ ಕಾಯ್ದೆ ಇದೆ ಮಾರಾಯ್ರೆ! ಹಂದಿ ಓಡಿಸಲು ರಾತ್ರಿ ಗದ್ದೆ ಸುತ್ತಬಹುದು, ಅಷ್ಟೇ.

ಯಾರು ಬರುತ್ತೀರಿ, ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.