ನಮ್ಮ ಓಣಿಗೆ ಇನ್ನೊಂದು ಕೈ ಬಣ್ಣ ಬೇಕು

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದ ಒಂದು ಸಣ್ಣ ಸರ್ಕಾರಿ ಶಾಲೆಯ ಹಳೇ ವಿದ್ಯಾರ್ಥಿಗಳು.

ನಮ್ಮ ಓಣಿಯಲ್ಲಿ ಯಾವ ಮಾಳಿಗೆ ಹತ್ತಿ ನಿಂತರೂ ಗೋಳಗುಮ್ಮಟ ಕಾಣುತ್ತದೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಆದರೆ ನಮ್ಮ ಓಣಿಯೊಳಗೆ ಬರಲು ಆಟೋದವರೂ ಹಿಂದೆಮುಂದೆ ನೋಡುತ್ತಾರೆ. ಏಳನೇ ತರಗತಿಯ ಹುಡುಗಿಯೊಬ್ಬಳು ಗೆಳತಿಯರು ಮನೆ ಎಲ್ಲಿ ಅಂತ ಕೇಳಿದಾಗ ನಾಚಿಕೊಂಡು ಪಕ್ಕದ ಓಣಿಯ ಹೆಸರು ಹೇಳಿದಳು. ಅದು ಗೊತ್ತಾದ ಮೇಲೆ ನಮಗೆ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಶಾಲೆಯ ಕಾಂಪೌಂಡು, ಅದರ ಎದುರಿನ ಒಂದು ಸಾಲು ಮನೆ ಹಿಡಿದೆವು. ಬಣ್ಣ ತಂದು ಬಳಿದರೆ ಮುಗಿಯಿತು ಅಂದುಕೊಂಡಿದ್ದೆವು. ಓಣಿಯಲ್ಲೇ ಇರುವ ಪೇಂಟರ್ ಕಾಕಾ ಬಿಡಲಿಲ್ಲ. "ಗೋಡೆ ಹಸಿ ಐತಿ, ಈಗ ಹೊಡದ್ರ ಎಲ್ಲಾ ಪೊರೆ ಬಿಡ್ತೈತಿ" ಅಂದರು. ಹಾಗಾಗಿ ಮೊದಲು ಗಟಾರ ಸೋರುವುದನ್ನು ನಿಲ್ಲಿಸಿ, ಹಳೇ ಸುಣ್ಣ ಕೆರೆದು, ಬಿರುಕಿಗೆ ಸಿಮೆಂಟು ತುಂಬಿ, ಗೋಡೆ ಒಣಗುವವರೆಗೆ ಕಾದು, ಆಮೇಲೆ ಪ್ರೈಮರ್ ಹೊಡೆದು, ಅದರ ಮೇಲೆ ಎರಡು ಕೈ ಬಣ್ಣ. ಯಾವ ಬಣ್ಣ ಅಂತ ಆಯಾ ಮನೆಯವರೇ ಆರಿಸಿದರು. ಮೊದಲು ಎಲ್ಲರೂ ಕಸ ಸುರಿಯುತ್ತಿದ್ದ ಮೂಲೆಯಲ್ಲಿ ಈಗ ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ!

ಇಂಥ ಕೆಲಸ ಬೇರೆ ಕಡೆಯೂ ಆಗಿದೆ. ಮೆಕ್ಸಿಕೋದ ಪಚೂಕಾ ಊರಿನಲ್ಲಿ 2015ರ ಹೊತ್ತಿಗೆ ಗುಡ್ಡದ ಮೇಲಿನ 209 ಮನೆಗಳಿಗೆ ಬಣ್ಣ ಬಳಿದರು. ಮುಂಬೈನ ಅಸಲ್ಫಾ ಗುಡ್ಡದ ಬಣ್ಣದ ಮನೆಗಳು ಮೆಟ್ರೋದಿಂದಲೇ ಕಾಣುತ್ತವೆ. ಬಣ್ಣದಿಂದ ನಲ್ಲಿಗೆ ನೀರು ಬರಲ್ಲ, ಅದು ನಮಗೂ ಗೊತ್ತು. ಆದರೆ ಗೋಡೆ ಕೆರೆಯಲು ಒಟ್ಟಿಗೆ ಕೂತ ಜನ ಈಗ ನೀರಿನ ವಿಷಯಕ್ಕೂ ಒಟ್ಟಿಗೆ ಹೋಗಿ ಅರ್ಜಿ ಕೊಡುತ್ತಿದ್ದಾರೆ, ನಮಗೆ ಅದೇ ದೊಡ್ಡದು.

ಇನ್ನು ಉಳಿದ ಮನೆಗಳೇ ಜಾಸ್ತಿ. ಅದರಲ್ಲಿ ಎಷ್ಟೋ ತಗಡಿನ ಮನೆಗಳು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಮಧ್ಯಾಹ್ನ ಒಳಗೆ ಕೂಸು ಮಲಗಿಸಲು ಆಗಲ್ಲ. ತಗಡಿನ ಮೇಲೆ ಬಿಸಿಲು ತಡೆಯುವ ಬಿಳಿ ಬಣ್ಣ ಹಚ್ಚಿದರೆ ಒಳಗಿನ ಕಾವು ಇಳಿಯುತ್ತದೆ, ಅಹಮದಾಬಾದಿನಲ್ಲಿ 2017ರಿಂದ ಬಡವರ ಓಣಿಗಳಲ್ಲಿ ಇದನ್ನು ಮಾಡಿದ್ದಾರೆ. ಈ ಸಲ ನಮಗೆ ಗೋಡೆಗಿಂತ ಮೊದಲು ಆ ತಗಡುಗಳನ್ನು ಮುಗಿಸಬೇಕಿದೆ.

ಕೂಲಿಗೆ ಹಣ ಬೇಡ, ಕೈಗಳು ನಮ್ಮಲ್ಲಿವೆ. ಬೇಕಿರುವುದು ಪ್ರೈಮರ್, ಬಣ್ಣ, ಬ್ರಷ್, ರೋಲರ್, ಒಂದೆರಡು ಏಣಿ. ನೂರು ಚದರಡಿ ಗೋಡೆಗೆ ಎರಡು ಕೈ ಹೊಡೆಯಲು ಸುಮಾರು ಎರಡು ಲೀಟರ್ ಬಣ್ಣ ಹಿಡಿಯುತ್ತದೆ. ಒಂದು ಗೋಡೆಯಷ್ಟು ಕೊಟ್ಟರೂ ಸಾಕು, ಒಂದು ಬ್ರಷ್ ಕೊಟ್ಟರೂ ಸಂತೋಷ. ನಿಮ್ಮ ಮನೆಗೆ ಹೊಡೆಸಿ ಉಳಿದ ಡಬ್ಬಿ ಗಟ್ಟಿಯಾಗಿರದಿದ್ದರೆ ದಯವಿಟ್ಟು ಎಸೆಯಬೇಡಿ, ನಮಗೆ ಕೊಡಿ. ಹಣ ಕೊಡುವವರು ಶಾಲೆಗೇ ಬಂದು ಕೊಡಿ, ರಶೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಶಾಲೆಯ ಬೋರ್ಡಿನ ಮೇಲೆ ಬರೆದು ಹಾಕುತ್ತೇವೆ.

ಮಳೆ ನಿಂತು ಗೋಡೆ ಒಣಗಿದ ಮೇಲೆ, ದಸರಾ ದೀಪಾವಳಿ ನಡುವಿನ ಭಾನುವಾರಗಳಲ್ಲಿ ಕೆಲಸ. ಹಳೇ ಬಟ್ಟೆ ಹಾಕಿಕೊಂಡು ಮಕ್ಕಳನ್ನೂ ಕರಕೊಂಡು ಬನ್ನಿ. ಮಧ್ಯಾಹ್ನಕ್ಕೆ ಓಣಿಯ ಅವ್ವಂದಿರು ರೊಟ್ಟಿ ಬಡಿದು ಕೊಡುತ್ತಾರೆ.